ಪಾತ್ರೆಗೊಂದು ಇಲಾಖೆ ಯಾಕೆ ಬೇಕಿತ್ತು?

ಓದುಗರ ಪ್ರಶ್ನೆ: ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹಳೆಯ ಅಡುಗೆಮನೆ ನೋಡಿ ಬಂದೆವು. ಅಲ್ಲಿ ಪ್ಯಾಂಟ್ರಿ, ಬಟರಿ, ಲಾರ್ಡರ್, ಸಾಸರಿ, ಸ್ಕಲರಿ, ಯೂವರಿ ಅಂತ ಒಂದೊಂದು ಕೆಲಸಕ್ಕೂ ಒಂದೊಂದು ಹೆಸರು. ಒಂದು ಮನೆಯ ಅಡುಗೆಗೆ ಇಷ್ಟೊಂದು ವಿಭಾಗ ಯಾಕೆ ಬೇಕಿತ್ತು? ಬಟರಿ ಅಂದರೆ ಬೆಣ್ಣೆ ಇಡುವ ಕೋಣೆಯೇ? ಅಷ್ಟು ಜನರ ಪಾತ್ರೆ ತೊಳೆಯುತ್ತಿದ್ದವರು ಯಾರು? ಇನ್ನೂ ಹಳೆಯ ಕಾಲದ ಅಡುಗೆಮನೆ ಎಲ್ಲಾದರೂ ಉಳಿದಿದೆಯೇ?

ಉತ್ತರ:

ಬೆಣ್ಣೆಯಿಂದಲೇ ಶುರು ಮಾಡೋಣ. ಬಟರಿಗೂ ಬೆಣ್ಣೆಗೂ ಸಂಬಂಧವಿಲ್ಲ. ಮರದ ದೊಡ್ಡ ಪೀಪಾಯಿಗೆ ಇಂಗ್ಲಿಷಿನಲ್ಲಿ ಬಟ್ ಎನ್ನುತ್ತಾರೆ. ಪೀಪಾಯಿಗಳಿರುವ ಕೋಣೆ ಬಟರಿ. ಅಲ್ಲಿದ್ದದ್ದು ಏಲ್ ಎಂಬ ಬಾರ್ಲಿ ಮದ್ಯ ಮತ್ತು ವೈನ್. ಅದನ್ನು ನೋಡಿಕೊಳ್ಳುವವನು ಬಟ್ಲರ್. ಈ ಹೆಸರು ಬಾಟಲಿಗೆ ಇದ್ದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ನಮ್ಮಲ್ಲಿ 'ಬಟ್ಲರ್ ಇಂಗ್ಲಿಷ್' ಎಂಬ ಮಾತಿದೆಯಲ್ಲ, ಆ ಬಟ್ಲರ್ ಕೂಡ ಇದೇ ವಂಶದವನು. ಪ್ಯಾಂಟ್ರಿಯ ಕಥೆಯೂ ಹೀಗೇ. ಫ್ರೆಂಚಿನಲ್ಲಿ ಬ್ರೆಡ್ಡಿಗೆ ಇರುವ ಹೆಸರಿನಿಂದ ಪ್ಯಾಂಟ್ರಿ ಹುಟ್ಟಿತು. ರೈಲಿನಲ್ಲಿ ಪ್ಯಾಂಟ್ರಿ ಕಾರಿನಿಂದ ಉಪ್ಪಿಟ್ಟು ತರಿಸಿಕೊಳ್ಳುವಾಗ ನಾವು ಆಡುವುದು ಸುಮಾರು ಏಳುನೂರು ವರ್ಷ ಹಳೆಯ ಒಂದು ಬ್ರೆಡ್ ಉಗ್ರಾಣದ ಹೆಸರು. ಲಾರ್ಡರ್ ಎಂದರೆ ಹಂದಿಯ ಕೊಬ್ಬು ಮತ್ತು ಉಪ್ಪು ಹಾಕಿದ ಮಾಂಸದ ಕೋಣೆ. ಸಾಸರಿಯಲ್ಲಿ ಸಾಸಿವೆ, ವಿನೆಗರ್ ಮತ್ತು ಕಾಯಿ ದ್ರಾಕ್ಷಿಯ ಹುಳಿ ರಸ ಇರುತ್ತಿತ್ತು. ಯೂವರಿಯಲ್ಲಿ ಕೈತೊಳೆಯುವ ಹೂಜಿ, ಬೋಗುಣಿ, ಮೇಜಿನ ಬಟ್ಟೆ. ಸ್ಕಲರಿಯಲ್ಲಿ ಪಾತ್ರೆ. ಈ ಕೊನೆಯದರ ಬಗ್ಗೆ ನನಗೆ ಜಾಸ್ತಿ ಹೇಳುವುದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ಇಷ್ಟೊಂದು ವಿಭಾಗ ಯಾಕೆ? ಅಡುಗೆ ಅಷ್ಟು ಕಷ್ಟವಾಗಿತ್ತು, ಅದಕ್ಕೆ ಕೆಲಸ ಹಂಚಿಕೊಂಡರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಉತ್ತರ. ಈ ವಿಭಾಗಗಳನ್ನು ಒಮ್ಮೆ ಸಾಲಾಗಿ ನೋಡಿ. ಬ್ರೆಡ್, ಮದ್ಯ, ಮಾಂಸ, ಮಸಾಲೆ, ಮೇಣದ ಬತ್ತಿ, ಬೆಳ್ಳಿ ತಟ್ಟೆ, ಲಿನನ್ ಬಟ್ಟೆ. ಇವೆಲ್ಲ ಕದಿಯಬಹುದಾದ, ಕೆಡಬಹುದಾದ, ಕಾಣದ ಹಾಗೆ ಸೋರಿಹೋಗಬಹುದಾದ ವಸ್ತುಗಳು. ಒಂದೊಂದಕ್ಕೂ ಒಂದು ಬಾಗಿಲು, ಒಂದು ಬೀಗ, ಸಂಜೆ ಬಂದು ಲೆಕ್ಕ ಒಪ್ಪಿಸುವ ಒಬ್ಬ ಮನುಷ್ಯ. ನನ್ನ ಮಟ್ಟಿಗೆ ಈ ಇಲಾಖೆಗಳು ಹುಟ್ಟಿದ್ದು ಒಲೆಯ ಮುಂದೆ ಅಲ್ಲ, ಲೆಕ್ಕದ ಮೇಜಿನ ಮುಂದೆ.

ಆಗಿನ ದೊಡ್ಡಮನೆ ಎಂದರೆ ಎಷ್ಟು ದೊಡ್ಡದು ಅನ್ನುವುದು ಗೊತ್ತಾದರೆ ಇದು ಅರ್ಥವಾಗುತ್ತದೆ. ಉತ್ತರ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್ ಪ್ರಾಂತದ ಐದನೆಯ ಅರ್ಲ್ (ಇದೊಂದು ಶ್ರೀಮಂತ ಪದವಿ) ಹೆನ್ರಿ ಪರ್ಸಿ 1512ರಲ್ಲಿ ತನ್ನ ಮನೆಯ ನಿಯಮಗಳನ್ನೆಲ್ಲ ಬರೆಸಲು ಶುರು ಮಾಡಿದ. ಆ ಪುಸ್ತಕದ ಪ್ರಕಾರ ಅವನ ಮನೆಯ ಜನ 166. ಇದರ ಮೇಲೆ ದಿನಕ್ಕೆ 57 ಮಂದಿ ಹೊರಗಿನವರು ಊಟಕ್ಕೆ ಬರುತ್ತಾರೆ ಎಂದು ಲೆಕ್ಕ ಇಟ್ಟಿದ್ದರು. ಅಂದರೆ ದಿನಾ ಒಂದು ಸಣ್ಣ ಮದುವೆ ಊಟ. ಇದು ಒಬ್ಬ ಶ್ರೀಮಂತನ ಮನೆ ಅಷ್ಟೇ. ನೀವು ನೋಡಿದ ಹ್ಯಾಂಪ್ಟನ್ ಕೋರ್ಟ್ ರಾಜನ ಮನೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಅಲ್ಲಿನ ಅಡುಗೆ ವಿಭಾಗದಲ್ಲಿ 50ಕ್ಕೂ ಹೆಚ್ಚು ಕೋಣೆಗಳಿದ್ದವು. ಸುಮಾರು 200 ಜನ ಕೆಲಸ ಮಾಡಿ, ದಿನಕ್ಕೆ ಎರಡು ಹೊತ್ತು ಸುಮಾರು 600 ಜನಕ್ಕೆ ಬಡಿಸುತ್ತಿದ್ದರು. ಹ್ಯಾಂಪ್ಟನ್ ಕೋರ್ಟ್ ಮಧ್ಯಯುಗದ ತುದಿಯಲ್ಲಿ, ನಿಜ ಹೇಳಬೇಕೆಂದರೆ ಅದು ಮುಗಿದ ಮೇಲೆ ಕಟ್ಟಿದ್ದು. ಆದರೆ ಅಲ್ಲಿನ ಕ್ರಮ ಮಾತ್ರ ಹಳೆಯದೇ.

ಆ ಕ್ರಮ ಎಷ್ಟು ಹಳೆಯದು? 13ನೇ ಶತಮಾನದ ರಾಜಮನೆಯ ಲೆಕ್ಕದ ಸುರುಳಿಗಳಲ್ಲೇ ಬ್ರೆಡ್, ಮದ್ಯ, ಅಡುಗೆ, ಪಾತ್ರೆ, ಸಾಸ್, ಕುದುರೆ ಲಾಯ ಹೀಗೆ ದಿನದಿನವೂ ಬೇರೆ ಬೇರೆ ತಲೆಬರಹದಲ್ಲಿ ಖರ್ಚು ಬರೆದಿದ್ದಾರೆ. ಇಂಥದೇ ಒಂದು ಖಾಸಗಿ ಮನೆಯ ಸುರುಳಿ ಉಳಿದಿದೆ. ಅದು ಲೆಸ್ಟರ್‌ನ ಕೌಂಟೆಸ್, ಅಂದರೆ ಅರ್ಲ್‌ನ ಹೆಂಡತಿ, ಎಲಿನರ್ ಅವರ ಮನೆಯದು. ಈಕೆ ರಾಜ ಮೂರನೆಯ ಹೆನ್ರಿಯ ತಂಗಿ. ಗಂಡ ಸೈಮನ್ ಡಿ ಮಾಂಟ್‌ಫರ್ಟ್, ಅದೇ ರಾಜನ ವಿರುದ್ಧ ಬಂಡೆದ್ದವನು. ಸುರುಳಿ 1265ರ ಫೆಬ್ರವರಿಯಿಂದ ಆಗಸ್ಟ್ ಕೊನೆಯವರೆಗೆ ಹೋಗುತ್ತದೆ. ಪ್ರತಿ ದಿನಕ್ಕೂ ಕೆಲವೇ ಸಾಲು. ಬ್ರೆಡ್ಡಿಗೆ ಇಷ್ಟು ಧಾನ್ಯ. ವೈನ್ ಇಷ್ಟು, ಏಲ್ ಇಷ್ಟು. ಅಡುಗೆಮನೆಗೆ ಇಷ್ಟು ಹೆರಿಂಗ್ ಮೀನು. ಇಷ್ಟು ಕುದುರೆಗಳಿಗೆ ಹುಲ್ಲು. ಆ ವರ್ಷದ ಆಗಸ್ಟ್ 4ರಂದು ಈವ್‌ಶಾಮ್ ಯುದ್ಧದಲ್ಲಿ ಆಕೆಯ ಗಂಡನೂ ಹಿರಿಯ ಮಗನೂ ಸತ್ತರು. ಆಕೆ ಆಗ ಡೋವರ್ ಕೋಟೆಯಲ್ಲಿದ್ದಳು. ಸುರುಳಿಯಲ್ಲಿ ಮಾತ್ರ ಬ್ರೆಡ್, ಏಲ್, ಹುಲ್ಲಿನ ಲೆಕ್ಕ ಮುಂದುವರಿಯುತ್ತಲೇ ಹೋಗುತ್ತದೆ. ಆ ಪುಟಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಮನೆಗೆ ಏನೇ ಆಗಲಿ, ಗುಮಾಸ್ತ ಸಂಜೆ ಕೂತು ಬರೆಯಲೇಬೇಕಿತ್ತು.

ಈ ಸಂಜೆಯ ಲೆಕ್ಕವೇ ಇಡೀ ಏರ್ಪಾಟಿನ ಬೆನ್ನುಮೂಳೆ. ಮನೆಯ ಮೇಲ್ವಿಚಾರಕನಾದ ಸ್ಟೀವರ್ಡ್ ಮತ್ತು ಗುಮಾಸ್ತರು ಕೂರುತ್ತಾರೆ. ಪ್ಯಾಂಟ್ರಿಯವನು, ಬಟ್ಲರ್, ಅಡುಗೆಯವನು ಒಬ್ಬೊಬ್ಬರಾಗಿ ಬಂದು ಇಂದು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಹೇಳಬೇಕು. ಅರಮನೆಯಲ್ಲಿ ಈ ಲೆಕ್ಕದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿರುತ್ತಿತ್ತು. ಹಾಗಾಗಿ ಆ ಅಧಿಕಾರಿಗಳ ಮಂಡಳಿಗೆ 'ಹಸಿರು ಬಟ್ಟೆಯ ಮಂಡಳಿ' ಎಂದೇ ಹೆಸರಾಯಿತು. ಆ ಹೆಸರಿನ ಮಂಡಳಿ 2004ರವರೆಗೂ ಜೀವಂತವಾಗಿತ್ತು. ಕೊನೆಕೊನೆಗೆ ಅದರ ಕೆಲಸ ಅರಮನೆಯ ಸುತ್ತಮುತ್ತ ಮದ್ಯದ ಪರವಾನಗಿ ಕೊಡುವುದಷ್ಟೇ ಆಗಿತ್ತು.

ಕಟ್ಟಡವೂ ಈ ಲೆಕ್ಕಕ್ಕೆ ತಕ್ಕ ಹಾಗೇ ಇತ್ತು. ದೊಡ್ಡಮನೆಯ ನಡುವೆ ಒಂದು ಎತ್ತರದ ಊಟದ ಹಾಲ್. ಅದರ ಒಂದು ತುದಿಯಲ್ಲಿ ಸ್ವಲ್ಪ ಎತ್ತರದ ಜಗಲಿ, ಅಲ್ಲಿ ಯಜಮಾನನ ಮೇಜು. ಇನ್ನೊಂದು ತುದಿಯಲ್ಲಿ ಮರದ ಅಡ್ಡಗೋಡೆ. ಅದರ ಹಿಂದೆ ಒಂದು ಓಣಿ. ಆ ಓಣಿಯ ಗೋಡೆಯಲ್ಲಿ ಸಾಮಾನ್ಯವಾಗಿ ಮೂರು ಬಾಗಿಲು. ಒಂದು ಬಟರಿಗೆ, ಒಂದು ಪ್ಯಾಂಟ್ರಿಗೆ, ನಡುವಿನದು ಅಡುಗೆಮನೆಗೆ ಹೋಗುವ ದಾರಿಗೆ. ಬೆಂಕಿಯ ಭಯದಿಂದ ಅಡುಗೆಮನೆಯನ್ನು ಹಾಲ್‌ನಿಂದ ಸ್ವಲ್ಪ ದೂರ ಕಟ್ಟುತ್ತಿದ್ದರು. ಬ್ರೆಡ್ ಮತ್ತು ಮದ್ಯ ಮಾತ್ರ ಕೈಗೆ ಸಿಗುವಷ್ಟು ಹತ್ತಿರ. ಅವನ್ನು ಹೊತ್ತುಹೊತ್ತಿಗೆ ಎಲ್ಲರಿಗೂ ಕೊಡಬೇಕಿತ್ತಲ್ಲ. ಏಲ್ ಆಗಿನ ಜನರ ದಿನದ ಪಾನೀಯ. ದೊಡ್ಡಮನೆಯ ಆಳಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕೂವರೆ ಲೀಟರ್ ಕೊಡುವುದು ಅಪರೂಪವೇನಲ್ಲ. ಮದ್ಯ ಬೇಗ ಕೆಡದ ಹಾಗೆ ಕಾಯುವ ಹಾಪ್ಸ್ ಎಂಬ ಕಹಿ ಹೂವನ್ನು ಅದಕ್ಕೆ ಆಗ ಹಾಕುತ್ತಿರಲಿಲ್ಲ. ಕೆಲವೇ ದಿನದಲ್ಲಿ ಹುಳಿಯಾಗಿಬಿಡುತ್ತಿತ್ತು. ಹೀಗಾಗಿ ಮತ್ತೆ ಮತ್ತೆ ಹೊಸದಾಗಿ ತಯಾರಿಸಬೇಕು, ಮತ್ತೆ ಮತ್ತೆ ಅಳೆಯಬೇಕು.

ಪ್ಯಾಂಟ್ರಿಯವನ ಕೆಲಸ ಸುಮ್ನೆ ಬ್ರೆಡ್ ಹಂಚುವುದಲ್ಲ. ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿಯ ಮನೆಯಲ್ಲಿ ಕೆಲಸ ಮಾಡಿದ ಜಾನ್ ರಸೆಲ್ ಎಂಬಾತ 15ನೇ ಶತಮಾನದಲ್ಲಿ ಹುಡುಗರಿಗೆ ಮನೆಗೆಲಸ ಕಲಿಸಲು ಪದ್ಯಗಳನ್ನು ಬರೆದ. ಅವನ ಪ್ರಕಾರ ಪ್ಯಾಂಟ್ರಿಯವನ ಹತ್ತಿರ ಮೂರು ಚಾಕು ಇರಬೇಕು. ಒಂದು ಬ್ರೆಡ್ ಕತ್ತರಿಸಲು, ಒಂದು ಹೊರಗಿನ ಸಿಪ್ಪೆ ಹೆರೆಯಲು, ಒಂದು ತುಂಡುಗಳನ್ನು ನಯವಾಗಿ ಚೌಕ ಮಾಡಲು. ಬ್ರೆಡ್ಡಿನ ವಯಸ್ಸಿಗೂ ನಿಯಮವಿತ್ತು. ಯಜಮಾನನಿಗೆ ಅಂದೇ ಸುಟ್ಟದ್ದು. ಪಂಕ್ತಿಯಲ್ಲಿ ಅವನ ನಂತರದವರಿಗೆ ಒಂದು ದಿನದ್ದು. ಮನೆಯ ಜನಕ್ಕೆ ಮೂರು ದಿನದ್ದು. ನಾಲ್ಕು ದಿನದ್ದು ತಿನ್ನಲಿಕ್ಕೆ ಅಲ್ಲ, ತಟ್ಟೆಯಾಗಲಿಕ್ಕೆ.

ಹೌದು, ತಟ್ಟೆಯಾಗಲಿಕ್ಕೆ. ಗಟ್ಟಿಯಾದ ಹಳೆಯ ಬ್ರೆಡ್ಡನ್ನು ದಪ್ಪ ಹೋಳಾಗಿ ಕೊಯ್ದು ಪ್ರತಿಯೊಬ್ಬರ ಮುಂದೆ ಇಡುತ್ತಿದ್ದರು. ಇದಕ್ಕೆ ಟ್ರೆಂಚರ್ ಎಂದು ಹೆಸರು. ಮಾಂಸ, ಸಾಸು ಅದರ ಮೇಲೆ. ರಸವೆಲ್ಲ ಬ್ರೆಡ್ ಹೀರಿಕೊಳ್ಳುತ್ತಿತ್ತು. ಊಟವಾದ ಮೇಲೆ ಟ್ರೆಂಚರ್‌ಗಳನ್ನು, ಮಿಕ್ಕ ಚೂರುಪಾರುಗಳನ್ನು ಬುಟ್ಟಿಗೆ ತುಂಬಿ ಬಾಗಿಲ ಹೊರಗೆ ಕಾಯುತ್ತಿದ್ದ ಬಡವರಿಗೆ ಕೊಡುತ್ತಿದ್ದರು. ನಮಗೆ ಇದು ಎಂಜಲು. ಎಂಜಲನ್ನು ದಾನ ಮಾಡುವುದೇ ಎಂದು ಮುಖ ಸಿಂಡರಿಸಿಕೊಳ್ಳುತ್ತೇವೆ. ಅವರಿಗೆ ಆ ಭಾವನೆ ಇರಲಿಲ್ಲ. ಯಜಮಾನನ ಮೇಜಿನಿಂದ ಬಂದದ್ದು ಅನ್ನುವುದೇ ಅದರ ಬೆಲೆ. ಈ ದಾನ ನೋಡಿಕೊಳ್ಳಲೂ ಒಬ್ಬ ಅಧಿಕಾರಿ ಇದ್ದ. ಅವನ ಲೆಕ್ಕವೂ ಬೇರೆ.

13ನೇ ಶತಮಾನದ ಲಿಂಕನ್ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಲಿಂಕನ್‌ನ ಕೌಂಟೆಸ್‌ಗೆ ಮನೆ ನಡೆಸುವ ಸಲಹೆಗಳನ್ನು ಬರೆದುಕೊಟ್ಟ. ಅದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ. ನಿಮ್ಮ ತಟ್ಟೆಯನ್ನು ಮತ್ತೆ ಮತ್ತೆ ರಾಶಿಯಾಗಿ ತುಂಬಿಸಿಕೊಳ್ಳಿ, ಎಡಕ್ಕೂ ಬಲಕ್ಕೂ ಕೂತವರಿಗೆ ಅದರಿಂದ ಪ್ರೀತಿಯಿಂದ ಕೊಡಲು ಬರುವ ಹಾಗೆ, ಎನ್ನುತ್ತಾನೆ. ಯಜಮಾನಿಯ ತಟ್ಟೆ ತುಂಬಿರುವುದು ಅವಳ ಹೊಟ್ಟೆಗಲ್ಲ. ಅದನ್ನು ಎಲ್ಲರೂ ನೋಡಬೇಕು, ಅದರಿಂದ ಪಡೆಯಬೇಕು.

ತಟ್ಟೆಯ ಮಾತು ಬಂತು. ಈಗ ಸ್ಕಲರಿಗೆ ಹೋಗೋಣ. ಸ್ಕಲರಿ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಒದ್ದೆ ನೆಲ, ಕಲ್ಲಿನ ತೊಟ್ಟಿ, ಮುಸುರೆ ತಿಕ್ಕುತ್ತಿರುವ ಹೆಂಗಸು. ಅದು 19ನೇ ಶತಮಾನದ ಚಿತ್ರ. ಮಧ್ಯಯುಗದ ಸ್ಕಲರಿ ಬೇರೆ. ಅದರ ಹೆಸರು ಹಳೆಯ ಫ್ರೆಂಚಿನಲ್ಲಿ ತಟ್ಟೆಗೆ ಇದ್ದ ಮಾತಿನಿಂದ ಬಂದದ್ದು. ಅಂದರೆ ಅದು ತಟ್ಟೆಗಳ ಇಲಾಖೆ. ತೊಳೆಯುವುದು ಅದರ ಒಂದು ಕೆಲಸ ಅಷ್ಟೇ. ಪಾತ್ರೆಗಳನ್ನು ಕೊಳ್ಳುವುದು, ಎಣಿಸಿ ಕೊಡುವುದು, ಎಣಿಸಿ ವಾಪಸ್ ತೆಗೆದುಕೊಳ್ಳುವುದು, ಬೀಗ ಹಾಕುವುದು ಅದರ ಹೊಣೆ. ರಾಜಮನೆಯಲ್ಲಿ ಒಲೆಗೆ ಬೇಕಾದ ಇದ್ದಿಲು ಕೂಡ ಇದೇ ಇಲಾಖೆಯ ಲೆಕ್ಕಕ್ಕೆ ಬರುತ್ತಿತ್ತು. ಅದರ ಮುಖ್ಯಸ್ಥನಿಗೆ ಸಾರ್ಜೆಂಟ್ ಎಂಬ ಪದವಿ. ಮುಸುರೆ ಕೋಣೆಗೆ ಯಾರಾದರೂ ಅಂಥ ಅಧಿಕಾರಿಯನ್ನು ಇಡುತ್ತಾರೆಯೇ?

ಇಟ್ಟದ್ದಕ್ಕೆ ಕಾರಣ ಆ ತಟ್ಟೆಗಳ ಬೆಲೆ. ಹಾಲ್‌ನ ಕೆಳಗಿನ ಮೇಜುಗಳಲ್ಲಿ ಮರದ ಬಟ್ಟಲು, ಮಣ್ಣಿನ ಹೂಜಿ ಇರುತ್ತಿದ್ದವು. ಅವು ಒಡೆದರೆ ಹೋಯಿತು. ಅದರ ಮೇಲಿನದು ಪ್ಯೂಟರ್. ಇದು ತವರದ ಮಿಶ್ರಲೋಹ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಒಳ್ಳೆಯ ತವರ ಸಿಗುತ್ತಿತ್ತು. ಲಂಡನ್‌ನ ಪ್ಯೂಟರ್ ಕಸುಬಿನವರು 1348ರಲ್ಲೇ ತಮ್ಮ ನಿಯಮಗಳನ್ನು ಬರೆದುಕೊಂಡರು. ತಟ್ಟೆಯಂಥ ಚಪ್ಪಟೆ ಪಾತ್ರೆಗಳಿಗೆ ತವರಕ್ಕೆ ತಾಮ್ರ ಬೆರೆಸಬೇಕು. ಹೂಜಿಯಂಥ ಉರುಟು ಪಾತ್ರೆಗಳಿಗೆ ಸೀಸ ಬೆರೆಸಬಹುದು. ಸೀಸದ ವಿಷದ ಬಗ್ಗೆ ನಮಗೆ ಇಂದು ಗೊತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಪ್ಯೂಟರ್ ಪಾತ್ರೆಗಳನ್ನು ಒಂದು ಜತೆಯಾಗಿ ಮಾರುತ್ತಿದ್ದರು. 12 ದೊಡ್ಡ ತಟ್ಟೆ, 12 ನಡುವಿನ ತಟ್ಟೆ, 12 ಸಾಸರ್. ಸಾಸರ್ ಎಂದರೆ ಆಗ ಸಾಸು ಹಾಕುವ ಸಣ್ಣ ಬಟ್ಟಲು. ಟೀ ಕಪ್ಪಿನ ಕೆಳಗೆ ಅದು ಬಂದು ಕೂತದ್ದು ಎಷ್ಟೋ ಕಾಲದ ಮೇಲೆ.

ಪ್ಯೂಟರ್ ಕೂಡ ಅಗ್ಗವಲ್ಲ. ಆ ನಾರ್ಥಂಬರ್‌ಲ್ಯಾಂಡಿನ ಅರ್ಲ್‌ನ ಪುಸ್ತಕದಲ್ಲಿ ಪ್ಯೂಟರ್ ಪಾತ್ರೆಗಳನ್ನು ವರ್ಷಕ್ಕೆ ಇಷ್ಟು ಎಂದು ಬಾಡಿಗೆಗೆ ತಂದ ಖರ್ಚು ಇದೆ. ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬ ಅವನು. ಅವನೂ ತಟ್ಟೆಗಳನ್ನು ಬಾಡಿಗೆಗೆ ತರುತ್ತಿದ್ದ. ಮದುವೆಗೆ ಪಾತ್ರೆ ಬಾಡಿಗೆಗೆ ತಂದು, ಮುಗಿದ ಮೇಲೆ ಒಂದು ಸೌಟು ಕಡಿಮೆ ಬಂತು ಎಂದು ರಾತ್ರಿಯೆಲ್ಲ ಹುಡುಕಿದವರಿಗೆ ಸ್ಕಲರಿಯ ಸಾರ್ಜೆಂಟನ ಮನಸ್ಸು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಬೆಳ್ಳಿ. ಯಜಮಾನನ ಮೇಜಿನ ಮೇಲಿದ್ದದ್ದು ಬೆಳ್ಳಿಯ ತಟ್ಟೆ, ಬೆಳ್ಳಿಗೆ ಚಿನ್ನದ ನೀರು ಕುಡಿಸಿದ ಬಟ್ಟಲು. ಇಂಗ್ಲೆಂಡಿನಲ್ಲಿ 1300ರಿಂದ ಬೆಳ್ಳಿ ಸಾಮಾನಿಗೆ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂಬ ಕಾನೂನು ಬಂತು. ನಾಣ್ಯದಲ್ಲಿರುವಷ್ಟೇ ಶುದ್ಧ ಬೆಳ್ಳಿ ಇದು, ಅಂದರೆ ಸಾವಿರಕ್ಕೆ 925 ಪಾಲು, ಎಂಬುದಕ್ಕೆ ಆ ಮುದ್ರೆ ಸಾಕ್ಷಿ. ಇದನ್ನು ಗಮನಿಸಿ. ತಟ್ಟೆಯ ಬೆಳ್ಳಿಯೂ ದುಡ್ಡಿನ ಬೆಳ್ಳಿಯೂ ಒಂದೇ. ಯುದ್ಧಕ್ಕೆ ದುಡ್ಡು ಬೇಕಾದರೆ ತಟ್ಟೆ ಕರಗಿಸು, ಇಲ್ಲವೇ ಅಡ ಇಡು. ದುಡ್ಡು ಬಂದಾಗ ಮತ್ತೆ ತಟ್ಟೆ ಮಾಡಿಸು. ಬ್ಯಾಂಕು ಇಲ್ಲದ ಕಾಲದಲ್ಲಿ ಮನೆಯ ಉಳಿತಾಯ ಇದ್ದದ್ದು ಪಾತ್ರೆಗಳ ಕೋಣೆಯಲ್ಲಿ. ನಮ್ಮ ಅಜ್ಜಿಯಂದಿರು ಚಿನ್ನವನ್ನು ನೋಡಿದ ಹಾಗೆಯೇ. ಅದಕ್ಕೇ ಬೆಳ್ಳಿ ತಟ್ಟೆಗಳನ್ನು ಎಣಿಸುತ್ತಿದ್ದದ್ದು ಮಾತ್ರವಲ್ಲ, ತೂಗುತ್ತಲೂ ಇದ್ದರು. ಅಂಚಿನಲ್ಲಿ ಒಂದಿಷ್ಟು ಹೆರೆದುಕೊಂಡರೆ ಎಣಿಕೆಯಲ್ಲಿ ಗೊತ್ತಾಗುವುದಿಲ್ಲ, ತೂಕದಲ್ಲಿ ಗೊತ್ತಾಗುತ್ತದೆ. ಮಧ್ಯಯುಗದ ಬೆಳ್ಳಿ ತಟ್ಟೆಗಳು ಇಂದು ಮ್ಯೂಸಿಯಂಗಳಲ್ಲಿ ಅಷ್ಟು ಕಡಿಮೆ ಯಾಕೆ ಎಂಬುದಕ್ಕೂ ಇದೇ ಉತ್ತರ. ಬಹುತೇಕ ಎಲ್ಲ ಕರಗಿ ಹೋದವು.

ಈ ತಟ್ಟೆಗಳು ಜನರ ಕಣ್ಣಲ್ಲಿ ಏನಾಗಿದ್ದವು ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 1381ರ ಜೂನ್ 13. ತಲೆತೆರಿಗೆ ತಾಳಲಾರದೆ ದಂಗೆ ಎದ್ದ ರೈತರು ಮತ್ತು ಲಂಡನ್ ಜನ ಸೇರಿ ಜಾನ್ ಆಫ್ ಗಾಂಟ್‌ನ ಸವಾಯ್ ಅರಮನೆಗೆ ನುಗ್ಗಿದರು. ಅವನು ಬಾಲರಾಜ ಎರಡನೆಯ ರಿಚರ್ಡ್‌ನ ಚಿಕ್ಕಪ್ಪ, ದೇಶದಲ್ಲೇ ಅತಿ ಶ್ರೀಮಂತ. ದಂಗೆಕೋರರು ಅವನ ಬೆಳ್ಳಿ ಬಂಗಾರದ ಪಾತ್ರೆಗಳನ್ನು ಕದಿಯಲಿಲ್ಲ. ಚೂರುಚೂರು ಮಾಡಿ ಥೇಮ್ಸ್ ನದಿಗೆ ಎಸೆದರು. ಒಬ್ಬ ಮಾತ್ರ ಒಂದು ಬೆಳ್ಳಿ ಸಾಮಾನನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡ. ಜತೆಯವರು ಅವನನ್ನು ಆ ಸಾಮಾನಿನ ಸಮೇತ ಬೆಂಕಿಗೆ ಹಾಕಿದರು ಎಂದು ಆ ಕಾಲದ ಚರಿತ್ರಕಾರ ಹೆನ್ರಿ ನೈಟನ್ ಬರೆದಿದ್ದಾನೆ. ನಾವು ಕಳ್ಳರಲ್ಲ ಎಂದು ತೋರಿಸಬೇಕಿತ್ತು ಅವರಿಗೆ. ತೋರಿಸಲು ಅವರು ಆರಿಸಿಕೊಂಡದ್ದು ಪಾತ್ರೆಗಳನ್ನು.

ಪಾತ್ರೆ ಇದ್ದರೆ ಸಾಲದು, ಕಾಣಬೇಕು ಕೂಡ. ನಾವು ಮನೆಯಲ್ಲಿ ಕಬೋರ್ಡ್ ಅನ್ನುತ್ತೇವಲ್ಲ, ಅದರ ಮೊದಲಿನ ಅರ್ಥ ಕಪ್ಪುಗಳನ್ನು ಇಡುವ ಹಲಗೆ. ಬಾಗಿಲಿಲ್ಲ, ಬೀಗವಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಬೆಳ್ಳಿ ಪಾತ್ರೆಗಳನ್ನು ಗೊಂಬೆ ಕೂರಿಸಿದ ಹಾಗೆ ಸಾಲಾಗಿ ಇಡುತ್ತಿದ್ದರು. 1527ರಲ್ಲಿ ಎಂಟನೆಯ ಹೆನ್ರಿಯ ಮುಖ್ಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿ ಇದೇ ಹ್ಯಾಂಪ್ಟನ್ ಕೋರ್ಟಿನಲ್ಲಿ ಫ್ರಾನ್ಸಿನ ರಾಯಭಾರಿಗಳಿಗೆ ಊಟ ಹಾಕಿದ. ಆಗ ಆರು ಮೆಟ್ಟಿಲಿನ ಕಬೋರ್ಡ್ ನಿಲ್ಲಿಸಿ, ಯಾರೂ ಹತ್ತಿರ ಬರದ ಹಾಗೆ ಸುತ್ತ ಕಟಕಟೆ ಹಾಕಿಸಿದ್ದ. ಇಡೀ ಔತಣದಲ್ಲಿ ಅದರಿಂದ ಒಂದು ಪಾತ್ರೆಯನ್ನೂ ತೆಗೆಯಲಿಲ್ಲ. ಬಡಿಸಲು ಬೇರೆ ಬೆಳ್ಳಿ ಬೇಕಾದಷ್ಟಿತ್ತು. ಅವನ ಸೇವಕ ಜಾರ್ಜ್ ಕ್ಯಾವೆಂಡಿಶ್ ಇದನ್ನು ಹೆಮ್ಮೆಯಿಂದ ಬರೆದಿಟ್ಟಿದ್ದಾನೆ.

ಈಗ ನಿಮ್ಮ ಇನ್ನೊಂದು ಪ್ರಶ್ನೆ. ತೊಳೆಯುತ್ತಿದ್ದವರು ಯಾರು? ಗಂಡಸರು ಮತ್ತು ಹುಡುಗರು. ಇದು ಹಲವರಿಗೆ ಆಶ್ಚರ್ಯ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡಮನೆಯ ಆಳುಗಳು ಬಹುತೇಕ ಗಂಡಸರೇ. ಅಡುಗೆ, ಬಡಿಸುವುದು, ಪಾತ್ರೆ, ಎಲ್ಲವೂ ಅವರದ್ದು. ಬಟ್ಟೆ ಒಗೆಯುವವಳು ಮಾತ್ರ ಹೆಂಗಸು. ಯಜಮಾನಿಯ ಸೇವೆಗೆ ಕೆಲವು ಹೆಂಗಸರು ಇರುತ್ತಿದ್ದರು. ಅಡುಗೆಮನೆಯ ತೀರಾ ಕೆಳಗಿನ ಕೆಲಸದ ಹುಡುಗರನ್ನು ಸ್ಕಲಿಯನ್ ಎನ್ನುತ್ತಿದ್ದರು. ಓಲೆಗರಿ ಬಣ್ಣದ ಆ ಲೆಕ್ಕದ ಸುರುಳಿಗಳಲ್ಲಿ ಬಟ್ಲರನ ಹೆಸರು ಸಿಗುತ್ತದೆ, ಕುದುರೆಗಳ ಹೆಸರೂ ಕೆಲವೊಮ್ಮೆ ಸಿಗುತ್ತದೆ, ಈ ಹುಡುಗರದ್ದು ಸಿಗುವುದು ತೀರಾ ಕಡಿಮೆ. ಅವರ ಬಗ್ಗೆ ಒಂದು ಮಾತು 1526ರಲ್ಲಿ ಎಂಟನೆಯ ಹೆನ್ರಿಯ ಮನೆಗೆ ಮಾಡಿದ ನಿಯಮಗಳಲ್ಲಿದೆ. ಸ್ಕಲಿಯನ್‌ಗಳು ಇನ್ನು ಮುಂದೆ ಬೆತ್ತಲೆಯಾಗಿ ಅಥವಾ ಈಗಿನಂಥ ಹೊಲಸು ಬಟ್ಟೆಯಲ್ಲಿ ತಿರುಗಬಾರದು, ಅಡುಗೆಮನೆಯ ಒಲೆಯ ಪಕ್ಕದ ನೆಲದ ಮೇಲೆ ಮಲಗಬಾರದು, ಮುಖ್ಯ ಅಡುಗೆಯವರು ಅವರಿಗೆ ಬಟ್ಟೆ ಕೊಡಿಸಬೇಕು ಎಂದು. ಅಂಥ ನಿಯಮ ಬೇಕಾಯಿತು ಎಂದರೆ ಅಲ್ಲಿಯವರೆಗೆ ಆ ಮಕ್ಕಳು ಹೇಗಿದ್ದರು ಎಂದು ಯೋಚಿಸಿ. ದೊಡ್ಡ ಒಲೆಗಳ ಮುಂದೆ ಇಡೀ ದಿನ ನಿಂತರೆ ಮೈಮೇಲೆ ಬಟ್ಟೆ ತಡೆಯುವುದಿಲ್ಲ, ರಾತ್ರಿ ಬೇರೆಲ್ಲೂ ಅಷ್ಟು ಬೆಚ್ಚಗಿನ ಜಾಗವಿಲ್ಲ. ಅದೇ ನಿಯಮಗಳಲ್ಲಿ ಪಾತ್ರೆ ಇಲಾಖೆಯವರಿಗೂ ಒಂದು ಆಜ್ಞೆ ಇದೆ. ಬೆಳ್ಳಿಯದಾಗಲಿ ಪ್ಯೂಟರಿನದಾಗಲಿ, ಪಾತ್ರೆಗಳು ಕಳುವಾಗದ ಹಾಗೆ ನೋಡಿಕೊಳ್ಳಿ.

ತೊಳೆಯುವ ಬಗೆ ನಮಗೆ ಹೊಸದೇನಲ್ಲ. ಮರಳು, ಹುಲ್ಲು, ಮರದ ಬೂದಿ, ಬಿಸಿನೀರು. ಬೂದಿಯನ್ನು ನೀರಿನಲ್ಲಿ ನೆನೆಸಿದರೆ ಕ್ಷಾರ ಸಿಗುತ್ತದೆ. ಅದು ಪಾತ್ರೆಯ ಜಿಡ್ಡಿನ ಜತೆ ಸೇರಿ ಸಾಬೂನಿನ ಹಾಗೆ ಆಗುತ್ತದೆ. ಹಳ್ಳಿಮನೆಯ ಬಾವಿಕಟ್ಟೆಯಲ್ಲಿ ಬೂದಿ ಹಾಕಿ ಹಿತ್ತಾಳೆ ಬೆಳಗಿದವರಿಗೆ ಇದು ಗೊತ್ತು. ಆದರೆ ಪ್ಯೂಟರ್ ಮೆತ್ತಗಿನ ಲೋಹ. ಜೋರಾಗಿ ತಿಕ್ಕಿದರೆ ಸವೆಯುತ್ತದೆ, ಗೀರು ಬೀಳುತ್ತದೆ. ಬೆಂಕಿಯ ಹತ್ತಿರ ಇಟ್ಟರೆ ಕರಗಿಯೇ ಹೋಗುತ್ತದೆ. ಸವೆದ ತಟ್ಟೆಗಳನ್ನು ಕಸುಬಿನವನಿಗೆ ಕೊಟ್ಟು, ಕರಗಿಸಿ ಹೊಸದು ಮಾಡಿಸುತ್ತಿದ್ದರು.

ಮಸಾಲೆಯ ವಿಷಯ ಬಿಡುವ ಹಾಗಿಲ್ಲ. ಅಲ್ಲಿ ನಮ್ಮ ಕಡಲತೀರದ ಗುರುತಿದೆ. ಕರಿಮೆಣಸು, ಶುಂಠಿ, ಸಕ್ಕರೆಗಳನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ. ರೇಷ್ಮೆ ಬಟ್ಟೆ, ಜೇನುಮೇಣಗಳ ಜತೆ ವಾರ್ಡ್‌ರೋಬ್ ಎಂಬ ಭದ್ರ ಉಗ್ರಾಣದಲ್ಲಿ ಬೀಗ ಹಾಕಿ ಇಡುತ್ತಿದ್ದರು. ಅಡುಗೆಯವನಿಗೆ ಅಂದಿನ ಅಡುಗೆಗೆ ಬೇಕಾದಷ್ಟು ತೂಗಿ ಕೊಡುತ್ತಿದ್ದರು. ಆ ಮೆಣಸು ಬೆಳೆದದ್ದು ನಮ್ಮ ಪಶ್ಚಿಮ ಘಟ್ಟದ ಇಳಿಜಾರಿನ ಮಲೆಗಳಲ್ಲಿ. ಅಲ್ಲಿಂದ ಅರಬ್ ವ್ಯಾಪಾರಿಗಳ ಹಡಗು, ಅಲೆಕ್ಸಾಂಡ್ರಿಯಾ, ವೆನಿಸ್, ಆಮೇಲೆ ಲಂಡನ್. ಲಂಡನ್ನಿನಲ್ಲಿ ಮೆಣಸು ಮಾರುವವರ ಸಂಘ 12ನೇ ಶತಮಾನದಲ್ಲೇ ಇತ್ತು. ಎಲಿನರ್ ಕೌಂಟೆಸಳ 1265ರ ಲೆಕ್ಕದಲ್ಲೂ ಮೆಣಸು ಶುಂಠಿಗಳ ಖರೀದಿ ಇದೆ.

ಇಷ್ಟೆಲ್ಲ ಬೀಗ ಹಾಕಿದರೂ ಆಳುಗಳಿಗೆ ನ್ಯಾಯವಾಗಿ ಸಿಗುವ ಪಾಲೂ ಇತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಹುರಿದ ಮಾಂಸದಿಂದ ತೊಟ್ಟಿಕ್ಕಿದ ಕೊಬ್ಬು ಅಡುಗೆಯವನಿಗೆ. ಹೆರೆದ ಬ್ರೆಡ್ ಸಿಪ್ಪೆ ಪ್ಯಾಂಟ್ರಿಯವನಿಗೆ. ಖಾಲಿ ಪೀಪಾಯಿ ಬಟರಿಯವರಿಗೆ. ಉಳಿದ ಮೇಣದ ತುಂಡು ಬತ್ತಿಯವನಿಗೆ. ಇವನ್ನು ಮಾರಿಕೊಂಡು ಅವರು ಸಂಬಳದ ಮೇಲೆ ನಾಲ್ಕು ಕಾಸು ಮಾಡುತ್ತಿದ್ದರು. ಕೊಬ್ಬು ಜಾಸ್ತಿ ಇಳಿಯಲಿ ಎಂದು ಮಾಂಸವನ್ನು ಬೇಕೆಂದೇ ಒಣಗಿಸಿಬಿಟ್ಟರೆ? ಸಿಪ್ಪೆಯನ್ನು ದಪ್ಪವಾಗಿ ಹೆರೆದರೆ? ಅದಕ್ಕೂ ಒಬ್ಬ ಗುಮಾಸ್ತ ಕಣ್ಣಿಟ್ಟಿರುತ್ತಿದ್ದ. ಅವನ ಜಾಗ ಡ್ರೆಸ್ಸರ್ ಎಂಬ ಕಟ್ಟೆಯ ಬಳಿ. ಅಡುಗೆಮನೆಯಿಂದ ಹೊರಡುವ ಪ್ರತಿ ತಟ್ಟೆಯನ್ನೂ ಅಲ್ಲಿ ಅಣಿಗೊಳಿಸಿ ಬಡಿಸುವವರ ಕೈಗೆ ಕೊಡುತ್ತಿದ್ದರು. ಒಳಗೆ ಬಿಸಿ, ಹೊಗೆ, ಕೂಗಾಟ. ಹೊರಗೆ ಮೆರವಣಿಗೆಯ ಶಿಸ್ತು. ನಾಲ್ಕನೆಯ ಎಡ್ವರ್ಡ್‌ನ ಕಾಲದಲ್ಲಿ, ಸುಮಾರು 1472ರಲ್ಲಿ, ಬರೆದ ಅರಮನೆಯ ನಿಯಮ ಪುಸ್ತಕ ಇಡೀ ಮನೆಯನ್ನು ಹೀಗೇ ಎರಡು ಮಾಡುತ್ತದೆ. ಒಂದು ವೈಭವದ ಮನೆ. ಇನ್ನೊಂದು ಅದಕ್ಕೆ ಬೇಕಾದದ್ದನ್ನು ಒದಗಿಸುವ ಮನೆ.

ಕೊನೆಯದಾಗಿ, ಎಲ್ಲಿ ನೋಡಬಹುದು ಎಂದು ಕೇಳಿದ್ದೀರಿ. ಇನ್ನೊಮ್ಮೆ ಹೋದರೆ ಡರ್ಬಿಶೈರ್‌ನ ಹ್ಯಾಡನ್ ಹಾಲ್ ತಪ್ಪಿಸಬೇಡಿ. ಊಟದ ಹಾಲ್, ಅದರ ಹಿಂದಿನ ಓಣಿ, ಬಟರಿ ಪ್ಯಾಂಟ್ರಿಗಳ ಬಾಗಿಲು, ಅಡುಗೆಮನೆಗೆ ಇಳಿಯುವ ದಾರಿ ಎಲ್ಲವೂ ಅಲ್ಲಿ ಉಳಿದಿವೆ. ಲಿಂಕನ್‌ಶೈರ್‌ನ ಗೇನ್ಸ್‌ಬರೋ ಓಲ್ಡ್ ಹಾಲ್‌ನಲ್ಲಿ 15ನೇ ಶತಮಾನದ ಅಡುಗೆಮನೆ ಇದೆ. ಕೆಂಟ್‌ನ ಪೆನ್ಸ್‌ಹರ್ಸ್ಟ್ ಪ್ಲೇಸ್‌ನ ಹಾಲ್ 1341ರದ್ದು, ನಡುವಿನ ನೆಲದಲ್ಲಿ ಇನ್ನೂ ಒಲೆಯ ಕಟ್ಟೆ ಇದೆ. ನನ್ನನ್ನು ಕೇಳಿದರೆ ಹ್ಯಾಡನ್ ಮೊದಲು. ಆ ಓಣಿಯಲ್ಲಿ ಹಾಲ್‌ಗೆ ಬೆನ್ನು ಮಾಡಿ ನಿಂತುಕೊಳ್ಳಿ. ಬಾಗಿಲುಗಳನ್ನು ಎಣಿಸಿ. ಆಮೇಲೆ ಅಡುಗೆಮನೆಗೆ ಇಳಿದು, ಮಾಂಸ ಕಡಿದು ಕಡಿದು ಬೋಗುಣಿಯ ಹಾಗೆ ತಗ್ಗು ಬಿದ್ದಿರುವ ಮರದ ದಿಮ್ಮಿಯನ್ನು ನೋಡಿ.